ಕೂಸಿಗೆ ಎರೆಯುವ ಕೈ

ನನ್ನ ಬಲಗೈ ಹೇಳದೆ ಕೇಳದೆ ಸಾರಿನ ಪಾತ್ರೆಯನ್ನು ಬಿಟ್ಟುಬಿಟ್ಟದ್ದು ೨೦೧೬ರ ಡಿಸೆಂಬರಿನ ಒಂದು ಭಾನುವಾರ. ಕೈ ಒದ್ದೆಯಾಗಿರಲಿಲ್ಲ, ಕಾಲು ಎಡವಿರಲಿಲ್ಲ, ಹಿಡಿದ ಬಟ್ಟೆಯೂ ದಪ್ಪಗೇ ಇತ್ತು. ಒಲೆಯಿಂದ ಇಳಿಸಿ ಕಟ್ಟೆಯ ಕಡೆ ತಿರುಗುವಷ್ಟರಲ್ಲಿ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಕುದಿಯುವ ಸಾರು ಅಡುಗೆಮನೆಯ ನೆಲದ ತುಂಬ ಹರಿದು ಫ್ರಿಜ್ಜಿನ ಕೆಳಗೆ ಹೋಯಿತು. ಪಕ್ಕದಲ್ಲೇ ನನ್ನ ಮಗಳು ನಿಂತಿದ್ದಳು. ಅವಳು ಆಗ ಐದು ತಿಂಗಳ ಬಸುರಿ.

ಯಾರಿಗೂ ಏನೂ ಆಗಲಿಲ್ಲ. ನನ್ನ ಗಂಡ ಮಾಪು ತಂದು ಒರೆಸಿದರು. "ಇಟ್ಸ್ ಓಕೆ ಅವ್ವಾ, ಇಟ್ಸ್ ಜಸ್ಟ್ ಸಾರು," ಎಂದಳು ಮಗಳು. ಹಾಗೆ ಅನ್ನುತ್ತಲೇ ಅವಳು ಒಮ್ಮೆ ನನ್ನ ಕೈ ನೋಡಿದಳು, ಆಮೇಲೆ ತನ್ನ ಹೊಟ್ಟೆ ಮುಟ್ಟಿಕೊಂಡಳು. ಅವಳಿಗೇ ಗೊತ್ತಿಲ್ಲದೆ ಮಾಡಿದ್ದಿರಬೇಕು. ಆದರೆ ನಾನು ನೋಡಿಬಿಟ್ಟೆ. ನನ್ನ ಎದೆ ಝಲ್ಲೆಂದಿತು.

ಆ ಅಂಜಿಕೆ ಯಾವುದರ ಬಗ್ಗೆ ಎಂದು ಹೇಳಬೇಕಾದರೆ ನಮ್ಮ ಬಾಣಂತನದ ಬಗ್ಗೆ ಹೇಳಬೇಕು. ಮೊದಲ ಹೆರಿಗೆಯ ಬಾಣಂತನ ತವರುಮನೆಯದು, ಧಾರವಾಡವಾದರೂ ಅಷ್ಟೆ, ನಾವಿರುವ ಈ ಪರದೇಶದ ಮಾಲ್ಟನ್ ಆದರೂ ಅಷ್ಟೆ. ಬಾಣಂತನದಲ್ಲಿ ಅಡುಗೆ, ಔಷಧಿ ಎಲ್ಲ ಹೇಗೋ ನಡೆದುಹೋಗುತ್ತದೆ. ಕೂಸಿಗೆ ಎರೆಯುವುದೊಂದೇ ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ಮಣೆಯ ಮೇಲೆ ಕೂತು ಕಾಲು ನೀಳವಾಗಿ ಚಾಚಬೇಕು. ಎಣ್ಣೆ ಹಚ್ಚಿದ ಕೂಸನ್ನು ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿಕೊಳ್ಳಬೇಕು. ಒಂದು ಕೈಯಲ್ಲಿ ಅದರ ಕತ್ತು ಹಿಡಿದು ಇನ್ನೊಂದು ಕೈಯಲ್ಲಿ ತಂಬಿಗೆಯಿಂದ ಬಿಸಿನೀರು ಹೊಯ್ಯಬೇಕು, ಆಮೇಲೆ ಬೋರಲು ಹಾಕಿ ಬೆನ್ನಿಗೆ ಹೊಯ್ಯಬೇಕು. ಎಣ್ಣೆ ಮೈ, ಒದ್ದೆ ಕೈ, ಅಳುವ ಜೀವ. ಈ ದೇಶದ ಬಚ್ಚಲಿನಲ್ಲಿ ನೆಲದ ಮೇಲೆ ನೀರು ಬೀಳುವಂತಿಲ್ಲ. ಹಾಗಾಗಿ ನಾವು ಬಾತ್‌ಟಬ್ಬಿನ ಒಳಗೇ ಮಣೆ ಇಟ್ಟುಕೊಂಡು ಕೂರುತ್ತೇವೆ.

ಆ ಕೆಲಸದಲ್ಲಿ ನನಗೆ ಹೆಸರಿತ್ತು. ಇಲ್ಲಿರುವ ಹುಬ್ಬಳ್ಳಿ, ಬೆಳಗಾವಿ ಕಡೆಯವರ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ನನಗೆ ಫೋನು ಬರುತ್ತಿತ್ತು. ತಾಯಂದಿರ ವೀಸಾ ಆಗದ ಹುಡುಗಿಯರು, ಓದಲು ಬಂದು ಇಲ್ಲೇ ಮದುವೆಯಾದವರು, ಎಲ್ಲರ ಕೂಸುಗಳೂ ನನ್ನ ಕಾಲ ಮೇಲೆ ಅತ್ತು, ನಿದ್ದೆ ಹೋಗಿವೆ. ಊರ ಕೂಸುಗಳಿಗೆಲ್ಲ ಎರೆದವಳು ನನ್ನ ಮಗಳ ಕೂಸಿಗೆ ಎರೆಯಲಾರೆನೇ ಎಂಬುದು ಒಂದು ಚಿಂತೆ. ಎರೆಯಲು ಹೋಗಿ ಕೈ ಮತ್ತೆ ಹಾಗೆಯೇ ಬಿಚ್ಚಿಕೊಂಡರೆ ಎಂಬುದು ಇನ್ನೊಂದು. ಮೊದಲನೆಯದರಿಂದ ಮುಖ ಬಾಡುತ್ತಿತ್ತು, ಎರಡನೆಯದರಿಂದ ಕೈಕಾಲು ತಣ್ಣಗಾಗುತ್ತಿದ್ದವು.

ಕೈ ಯಾಕೆ ಹಾಗಾಯಿತು ಎಂಬುದಕ್ಕೆ ಒಂದು ಹೆಸರು ಸಿಕ್ಕಿತ್ತು, ಅಷ್ಟೆ. ಏರ್‌ಪೋರ್ಟಿನ ಹತ್ತಿರದ ಒಂದು ದೊಡ್ಡ ಅಡುಗೆಮನೆಯಲ್ಲಿ ವಿಮಾನದ ಊಟದ ಟ್ರೇ ತುಂಬುವ ಕೆಲಸ ನನ್ನದು. ಮೊದಲು ಭುಜ ನೋಯಿತು, ಆಮೇಲೆ ಸೊಂಟ, ಆಮೇಲೆ ಇಂಥದ್ದು ನೋಯುತ್ತಿಲ್ಲ ಎಂದು ಹೇಳುವ ಜಾಗವೇ ಉಳಿಯಲಿಲ್ಲ. ಜ್ವರ ಬಿಟ್ಟ ಮರುದಿನ ಮೈ ಹೇಗಿರುತ್ತದೆಯೋ ಹಾಗೆ. ಜ್ವರವೊಂದು ಬಂದಿರುವುದಿಲ್ಲ, ಆ ಮರುದಿನ ಮಾತ್ರ ಮುಗಿಯುವುದೇ ಇಲ್ಲ. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ಎಲ್ಲ ನಾರ್ಮಲ್. ನಾರ್ಮಲ್ ಎಂಬ ಮಾತು ಕೇಳಿ ಅಷ್ಟು ಸಿಟ್ಟು ಬಂದದ್ದು ನನಗೆ ಅದೇ ಮೊದಲು. ಕೊನೆಗೆ ಡಾಕ್ಟರು ಇದು ಫೈಬ್ರೊಮಯಾಲ್ಜಿಯಾ ಎಂದರು. ನನ್ನ ನರಗಳು ಸಣ್ಣ ನೋವನ್ನೂ ದೊಡ್ಡದು ಮಾಡಿ ಹೇಳುತ್ತವಂತೆ. ನಮ್ಮ ಬಂಧುಗಳಲ್ಲೂ ಅಂಥವರಿದ್ದಾರೆ, ಆದರೆ ಅವರ ಮನೆಗೆ ಹೋಗುವುದನ್ನು ಬಿಡಬಹುದು.

ಸಾರು ಚೆಲ್ಲಿದ ಸುದ್ದಿ ಅಳಿಯನ ಬಾಯಿಂದ ಬೆಳಗಾವಿಗೆ ಮುಟ್ಟಿತು. ಮಗಳ ಅತ್ತೆ, ನನ್ನ ಬೀಗತಿ, ಮರುವಾರವೇ ಫೋನು ಮಾಡಿದರು.

"ಆರಾಮ ಅದೀರೇನರಿ? ಕೈ ಬ್ಯಾನಿ ಅಂತ ಕೇಳಿದ್ನಿ. ನನ್ನ ವೀಸಾ ಇನ್ನೂ ಐತಿ ನೋಡ್ರಿ. ನೀವು ಹೂಂ ಅಂದ್ರ ನಾನ ಬಂದು ಕೂಸಿಗೆ ಎರೀತೀನಿ."

"ಏ, ಏನಿಲ್ಲರಿ, ಆರಾಮ ಅದೀನಿ. ನೀವ್ಯಾಕ ತ್ರಾಸ ತಗೋತೀರಿ," ಎಂದೆ. ಹಾಗೆ ಅನ್ನುವಾಗ ಫೋನನ್ನು ಎಡಗೈಗೆ ಬದಲಾಯಿಸಿಕೊಂಡಿದ್ದೆ, ಬಲಗೈ ನಡುಗುತ್ತಿತ್ತು. ನಮ್ಮ ಕಡೆ ಆರಾಮ ಎಂಬುದು ಪ್ರಶ್ನೆಯೂ ಹೌದು, ಉತ್ತರವೂ ಹೌದು. ಸ್ಟ್ರೆಚರಿನ ಮೇಲೆ ಮಲಗಿದವರನ್ನು ಕೇಳಿದರೂ ಆರಾಮ ಅಂದೇ ಹೇಳಿಯಾರು.

ಡಾಕ್ಟರ ಹತ್ತಿರ ಹೋಗಿ, ಏಪ್ರಿಲ್ ಒಳಗೆ ಕೈ ಸರಿಯಾಗಬೇಕು, ಮಾತ್ರೆ ಕೊಡಿ ಎಂದೆ. ಅವರು ಮಾತ್ರೆ ಬದಲಿಸಲಿಲ್ಲ. ಕಮ್ಯುನಿಟಿ ಸೆಂಟರಿನಲ್ಲಿ ನಿನ್ನಂಥವರಿಗೇ ಒಂದು ಕ್ಲಾಸಿದೆ, ಭಾರ ಎತ್ತುವ ವ್ಯಾಯಾಮ, ಹೋಗು ಎಂದರು. ನನಗೆ ಅವರ ತಲೆ ಕೆಟ್ಟಿದೆ ಅನ್ನಿಸಿತು. ಹಾಲಿನ ಡಬ್ಬ ಎತ್ತಿದರೆ ಸಂಜೆವರೆಗೆ ತೋಳು ಉರಿಯುವವಳಿಗೆ ಕಬ್ಬಿಣ ಎತ್ತು ಎನ್ನುವುದೇ? ನೋವಾದರೂ ಸ್ನಾಯುವಿಗೆ ಹಾನಿಯಾಗುವುದಿಲ್ಲ ಎಂದು ಅವರು ಎಷ್ಟು ಹೇಳಿದರೂ ನಾನು ನಂಬಲಿಲ್ಲ. ನಂಬಲು ನನ್ನ ಮೈ ಬಿಡಲಿಲ್ಲ.

ಆದರೂ ಹೋದೆ. ಬೀಗತಿಯ ವೀಸಾ ನನ್ನನ್ನು ಎಬ್ಬಿಸಿ ಕಳಿಸಿತು ಎಂದರೆ ಸುಳ್ಳಲ್ಲ.

ಸೆಂಟರಿನ ಹಿಂದಿನ ಕೋಣೆಯಲ್ಲಿ ಕುರ್ಚಿಗಳನ್ನು ಗುಂಡಗೆ ಹಾಕಿದ್ದರು. ಬಂದವರು ಹೆಚ್ಚಾಗಿ ಹೆಂಗಸರು, ಎಲ್ಲರೂ ಕೂರುವ ಮೊದಲು ಕುರ್ಚಿಯನ್ನು ಒಮ್ಮೆ ಅನುಮಾನದಿಂದ ನೋಡುವವರು. ಕಲಿಸುವವಳು ನನ್ನ ಮಗಳ ವಯಸ್ಸಿನ ಹುಡುಗಿ, ಫಿಸಿಯೊಥೆರಪಿ ಓದಿದವಳು. ಅವಳು ನನ್ನ ಕೈಗೆ ಇಟ್ಟ ಡಂಬೆಲ್ ಮಕ್ಕಳ ಆಟದ ಸಾಮಾನಿನಷ್ಟು ಚಿಕ್ಕದು, ಗುಲಾಬಿ ಬಣ್ಣದ್ದು. ಅದನ್ನು ಹಿಡಿದು ನಾನು ಮೇಲೆತ್ತಲೇ ಇಲ್ಲ, ಬೆರಳು ನೋಡುತ್ತ ಕೂತೆ. ಈಗ ಬಿಚ್ಚಿಕೊಳ್ಳುತ್ತದೆ, ಈಗ ಬಿಚ್ಚಿಕೊಳ್ಳುತ್ತದೆ ಎಂದು ಕಾದೆ. ನೆಲಕ್ಕೆ ಮೆತ್ತನೆಯ ಮ್ಯಾಟು ಹಾಸಿತ್ತು. ನನ್ನ ಕಣ್ಣಿಗೆ ಮಾತ್ರ ಅಲ್ಲಿ ಸಾರು ಹರಿಯುತ್ತಿತ್ತು.

ಅವಳ ನಿಯಮಗಳು ವಿಚಿತ್ರವಾಗಿದ್ದವು. ಸ್ವಲ್ಪದರಿಂದ ಶುರುಮಾಡಿ, ನಿಧಾನವಾಗಿ ಏರಿಸು. ಮೈ ಹಗುರವಿದ್ದ ದಿನ ಹೆಚ್ಚು ಮಾಡಬೇಡ. ಮೈ ಭಾರವಿದ್ದ ದಿನ ಪೂರಾ ಬಿಡಬೇಡ, ಕಡಿಮೆ ಮಾಡು. ಇದು ನನಗೆ ತಲೆಕೆಳಗಾಗಿ ಕೇಳಿಸಿತು. ಹಗುರವಿದ್ದ ದಿನ ಸುಮ್ಮನೆ ಕೂರುವ ಹೆಂಗಸನ್ನು ನಮ್ಮ ಮನೆತನದಲ್ಲಿ ನಾನು ಕಂಡಿಲ್ಲ. ಅಂಥ ದಿನ ಸಿಕ್ಕರೆ ಪರದೆ ಒಗೆದು, ಡಬ್ಬಿಗಳನ್ನೆಲ್ಲ ತೊಳೆದು, ರೊಟ್ಟಿ ಬಡಿದು, ಆಮೇಲೆ ಹಾಸಿಗೆ ಹಿಡಿಯುವುದು ನನ್ನ ಪದ್ಧತಿ. ಮೊದಲ ವಾರಗಳಲ್ಲಿ ಹಾಗೆಯೇ ಮಾಡಿ ಹಾಸಿಗೆ ಹಿಡಿದೆ ಕೂಡ. ಆ ಹುಡುಗಿ ಬೈಯಲಿಲ್ಲ, ಡಂಬೆಲ್ ವಾಪಸು ತೆಗೆದುಕೊಂಡು ಅದಕ್ಕಿಂತ ಚಿಕ್ಕದನ್ನು ಕೊಟ್ಟಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಒಂದು ದಿನ ಅವಳು ಎಲ್ಲರನ್ನೂ ಕೇಳಿದಳು, ಮೈ ಗಟ್ಟಿಯಾದ ಮೇಲೆ ಏನು ಮಾಡಬೇಕೆಂದಿದ್ದೀರಿ? ಒಬ್ಬಳು ನಾಯಿಯನ್ನು ತಿರುಗಾಡಿಸಬೇಕೆಂದಳು, ಇನ್ನೊಬ್ಬಳು ಅಂಗಡಿಯಿಂದ ಚೀಲ ಹೊತ್ತು ತರಬೇಕೆಂದಳು. ನಾನು, ಮೊಮ್ಮಗುವಿಗೆ ಸ್ನಾನ ಮಾಡಿಸಬೇಕು ಎಂದೆ. ಅದಕ್ಕೇನು, ಸಿಂಕಿನ ಪಕ್ಕ ಪುಟ್ಟ ಪ್ಲಾಸ್ಟಿಕ್ ಟಬ್ಬು ಇಟ್ಟರೆ ಆಯಿತು ಎಂದಳು ಅವಳು. ನನಗೆ ರೇಗಿತು. ನೆಲದ ಮೇಲೆ ಕೂತು, ಕಾಲು ಚಾಚಿ, ಒಂದು ಟವೆಲ್ ಸುತ್ತಿ ಕೂಸಿನಂತೆ ಮಲಗಿಸಿಕೊಂಡು, ಎಣ್ಣೆ ತಿಕ್ಕುವುದರಿಂದ ಬೋರಲು ಹಾಕುವವರೆಗೆ ಎಲ್ಲ ಮಾಡಿ ತೋರಿಸಿದೆ. ಪಕ್ಕದ ಕುರ್ಚಿಯ ಪಂಜಾಬಿ ಹೆಂಗಸು ಚಪ್ಪಾಳೆ ತಟ್ಟಿ, "ಮಾಲಿಶ್! ಮಾಲಿಶ್!" ಎಂದು ಕೂಗಿದಳು. ಕಲಿಸುವ ಹುಡುಗಿ ನನ್ನ ಎದುರು ಬಂದು ಕೂತು ಇನ್ನೊಮ್ಮೆ ತೋರಿಸು ಎಂದಳು. ತೋರಿಸಿದೆ. ಆಮೇಲೆ ಎದ್ದೇಳಲು ಹೋದರೆ ಆಗಲಿಲ್ಲ, ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.

ಅವತ್ತಿನಿಂದ ನನ್ನ ಪಾಠ ಬೇರೆಯಾಯಿತು. ಗೋಡೆಗೆ ಒರಗದೆ ಕಾಲು ಚಾಚಿ ಕೂರುವುದು. ರಬ್ಬರ್ ಪಟ್ಟಿ ಎಳೆದು ಬೆನ್ನು ಗಟ್ಟಿ ಮಾಡುವುದು. ಕುರ್ಚಿಯಿಂದ ಕೈ ಊರದೆ ಏಳುವುದು. ಟಬ್ಬಿನ ಅಂಚು ದಾಟಿದ ಹಾಗೆ ಬೆಂಚನ್ನು ದಾಟುವುದು. ಕೊನೆಗೆ ಒದ್ದೆ ಟವೆಲ್ಲಿನಲ್ಲಿ ಸುತ್ತಿದ ಮರಳಿನ ಚೀಲ. ಮನೆಯಲ್ಲಿ ಮರಳಿರಲಿಲ್ಲ, ಜೋಳದ ಹಿಟ್ಟಿನ ಚೀಲವಿತ್ತು. ಅದಕ್ಕೆ ಪ್ಲಾಸ್ಟಿಕ್ ಸುತ್ತಿ, ಕೊಬ್ಬರಿ ಎಣ್ಣೆ ಸವರಿ, ಖಾಲಿ ಟಬ್ಬಿನಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೆ. ಒಮ್ಮೆ ಚೀಲ ಕೈಯಿಂದ ಜಾರಿ ಟಬ್ಬಿನ ತಳಕ್ಕೆ ಬಿತ್ತು. ದಪ್ಪೆಂಬ ಆ ಸದ್ದು ಕೇಳಿ ನನ್ನ ಜೀವ ಬಾಯಿಗೆ ಬಂತು. ಹಿಟ್ಟಿನ ಚೀಲವನ್ನು ಎತ್ತಿ ಎದೆಗೆ ಒತ್ತಿಕೊಂಡು ಅತ್ತೆ.

ಸದ್ದಿಗೆ ಗಂಡ ಬಾಗಿಲು ತೆರೆದರು. ಸೀರೆ ಮೊಣಕಾಲಿಗೆ ಕಟ್ಟಿಕೊಂಡು ಟಬ್ಬಿನಲ್ಲಿ ಹಿಟ್ಟಿಗೆ ಸ್ನಾನ ಮಾಡಿಸುತ್ತಿದ್ದ ಹೆಂಡತಿಯನ್ನು ನೋಡಿದರು.

"ಇವತ್ತ ರೊಟ್ಟಿಗೆ ಎಣ್ಣಿ ಹಚ್ಚೂದು ಬ್ಯಾಡ ಹಂಗಾರ," ಎಂದರು, ಅಷ್ಟೆ. ಎರಡು ದಿನ ಬಿಟ್ಟು ಟಬ್ಬಿನ ಮೇಲಿನ ಗೋಡೆಗೆ ಹಿಡಿದುಕೊಳ್ಳಲು ಒಂದು ಸ್ಟೀಲಿನ ಸಲಾಕೆ ಬಂತು. ಅದನ್ನು ಅವರೇ ಕೂರಿಸಿದ್ದರು, ಸೊಟ್ಟಗೆ. ಇವತ್ತಿಗೂ ಸೊಟ್ಟಗೇ ಇದೆ.

ಮಾರ್ಚ್ ಕೊನೆಗೆ ಕ್ಲಾಸಿನಲ್ಲಿ ನನ್ನ ಪರೀಕ್ಷೆಯಾಯಿತು. ಬೆಂಚು ದಾಟಿ ಕೂತೆ, ಮರಳಿನ ಕೂಸಿಗೆ ಸುಳ್ಳು ನೀರು ಹೊಯ್ದೆ, ಬೋರಲು ಹಾಕಿದೆ, ಎತ್ತಿ ಕೊಟ್ಟೆ, ಯಾರ ಕೈಯನ್ನೂ ಹಿಡಿಯದೆ ಎದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿಯ ಮುಖ ಅರಳಿತ್ತು. ನೀನು ತಯಾರಾಗಿದ್ದೀಯ ಎಂದಳು. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡ, ಮರುದಿನ ಪೂರ್ತಿ ವಿಶ್ರಾಂತಿ ತಗೋ ಎಂದಳು.

"ಮರುದಿನವೂ ಸ್ನಾನ ಇರುತ್ತದಲ್ಲ," ಎಂದೆ.

"ಮತ್ತೆ ಮಾಡುತ್ತೀಯಾ? ಎಷ್ಟು ದಿನ?"

"ದಿನಾ. ಮೂರು ತಿಂಗಳು, ಕೂಸಿನ ಕತ್ತು ನಿಲ್ಲುವವರೆಗೆ."

ಅವಳ ಮುಖ ಇಳಿದುಹೋಯಿತು. ಅವಳು ಇದನ್ನು ಚರ್ಚಿನಲ್ಲಿ ಕೂಸಿಗೆ ನೀರು ಚಿಮುಕಿಸಿ ಹೆಸರಿಡುವಂಥ ಒಂದು ಶಾಸ್ತ್ರ ಎಂದುಕೊಂಡಿದ್ದಳು, ಒಂದು ದಿನದ್ದು. ಆ ಒಂದು ದಿನಕ್ಕೆಂದೇ ಚಳಿಗಾಲವಿಡೀ ನನ್ನನ್ನು ಗಟ್ಟಿ ಮಾಡಿದ್ದಳು. ನಾನಾಗಲಿ ಪಂಜಾಬಿ ಹೆಂಗಸಾಗಲಿ ಹೇಳಿರಲಿಲ್ಲ. ಕೂಸಿಗೆ ದಿನಾ ಎರೆಯುತ್ತಾರೆ ಎಂಬುದು ಬಾಯಿಬಿಟ್ಟು ಹೇಳುವ ಮಾತೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ದಿನಾ ಬೇಡ, ದಿನ ಬಿಟ್ಟು ದಿನ ಮಾಡು, ಕೈ ಹೇಗಿದೆ ಎಂದು ನಿಜ ಹೇಳು ಎಂದು ಅವಳು ಬೇಡಿಕೊಂಡಳು. ನಾನು ಸರಿ ಎಂದೆ. ಮನೆಗೆ ಬರುವ ಬಸ್ಸಿನಲ್ಲಿ ಬೆರಳು ಮಡಚಿ ದಿನ ಎಣಿಸಿದೆ. ಮೂರು ತಿಂಗಳಲ್ಲಿ ನನಗೆ ಎಷ್ಟು ಕೆಟ್ಟ ಬೆಳಗುಗಳು ಬರುತ್ತವೆ ಎಂಬುದು ನನಗೆ ಗೊತ್ತಿತ್ತು. ಯಾವ ಬೆಳಗು ಎಂಬುದಷ್ಟೇ ಗೊತ್ತಿರಲಿಲ್ಲ.

ಏಪ್ರಿಲಿನಲ್ಲಿ ಹೆಣ್ಣುಕೂಸು ಹುಟ್ಟಿತು. ಮಗಳು ಆಸ್ಪತ್ರೆಯಿಂದ ಸೀದಾ ನಮ್ಮ ಮನೆಗೆ ಬಂದಳು, ಅಳಿಯ ಮಾರ್ಕಮ್‌ನ ತಮ್ಮ ಮನೆಯಿಂದ ದಿನಾ ಸಂಜೆ ಬಂದು ಹೋಗುತ್ತಿದ್ದ. ಹೊಕ್ಕಳಬಳ್ಳಿ ಬೀಳುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ನರ್ಸು ಹೇಳಿ ಕಳಿಸಿದ್ದಳು. ಆ ನರ್ಸಿಗೆ ಮನಸ್ಸಿನಲ್ಲೇ ಕೈ ಮುಗಿದೆ. ದಿನಾ ಬೆಳಗ್ಗೆ ಡಯಾಪರ್ ಬಿಚ್ಚಿ ಹೊಕ್ಕಳು ನೋಡುತ್ತಿದ್ದೆ, ಬಳ್ಳಿ ಇನ್ನೂ ಇದೆ ಎಂದು ಉಸಿರು ಬಿಡುತ್ತಿದ್ದೆ. ಅಜ್ಜಿಯಾದವಳು ಹೀಗೆ ಬೇಡಿಕೊಳ್ಳಬಾರದು. ನಾನು ಬೇಡಿಕೊಂಡೆ.

ಕೊನೆಗೆ ಬಳ್ಳಿ ಬಿತ್ತು. ಮರುದಿನವೇ ನೀರು ಕಾಯಿಸಿದೆವು. ನಾನು ಸೊಟ್ಟ ಸಲಾಕೆ ಹಿಡಿದು ಟಬ್ಬಿನೊಳಗೆ ಇಳಿದು, ಮಣೆಯ ಮೇಲೆ ಕೂತು ಕಾಲು ಚಾಚಿದೆ. ಮಗಳು ಕೂಸನ್ನು ನನ್ನ ಕಾಲ ಮೇಲೆ ಇಟ್ಟಳು. ಹಿಟ್ಟಿನ ಚೀಲ ಕಾಲು ಒದೆಯುವುದಿಲ್ಲ, ಕೂಸು ಒದೆಯುತ್ತದೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಎಡಗೈ ಅದರ ಕತ್ತಿನ ಕೆಳಗೆ, ಬಲಗೈಯಲ್ಲಿ ತಂಬಿಗೆ. ನೀರು ಹೊಯ್ಯುವಾಗ ಉಸಿರು ಬಿಗಿಹಿಡಿದಿದ್ದೆ, ಬೋರಲು ಹಾಕುವಾಗ ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸಿತು. ಬೆರಳು ಬಿಚ್ಚಲಿಲ್ಲ. ಕೂಸು ಕೆಂಪಗಾಗಿ ಅತ್ತಿತು, ಟವೆಲ್ಲಿಗೆ ಹೋಯಿತು, ಮಲಗಿತು. ಬೆಳಗಾವಿಗೆ ವೀಡಿಯೊ ಹೋಯಿತು. "ಕೈ ಇನ್ನೂ ಹಂಗ ಐತೆಲ್ಲರಿ!" ಎಂದರು ಬೀಗತಿ. ಆ ಮಾತಿನ ಸುಖ ಸಂಜೆಯವರೆಗೂ ಉಳಿಯಲಿಲ್ಲ. ನಾಳೆ ಹೇಗೋ ಎಂಬ ಭಯ ಆಗಲೇ ಬಂದು ಕೂತಿತ್ತು.

ಕ್ಲಾಸಿನ ಹುಡುಗಿಗೆ ಕೊಟ್ಟ ಮಾತು ಮರೆತು ನಾನು ದಿನಾ ಎರೆದೆ. ಚೆನ್ನಾಗಿ ನಡೆಯುತ್ತಿರುವಾಗ ನಿಲ್ಲಿಸಲು ಮನಸ್ಸು ಬರಲಿಲ್ಲ. ಮಗಳು ಎದ್ದ ಕೂಡಲೇ ಕೇಳುತ್ತಿದ್ದಳು, "ಅವ್ವಾ, ಆರಾಮ?" ನಾನು "ಆರಾಮ" ಅನ್ನುತ್ತಿದ್ದೆ.

ನಾನು ಕಾಯುತ್ತಿದ್ದ ಬೆಳಗು ಎರಡನೆಯ ವಾರದಲ್ಲಿ ಬಂತು. ಎಚ್ಚರವಾದಾಗ ಹೊದಿಕೆಯೇ ಭಾರವಾಗಿತ್ತು, ಮುಷ್ಟಿ ಕಟ್ಟಲು ಹೋದರೆ ಬೆರಳುಗಳು ಅರ್ಧಕ್ಕೇ ನಿಂತವು. ಮೇಲೆ ವಿಮಾನವೊಂದು ಇಳಿಯುತ್ತಿತ್ತು, ಕಿಟಕಿಯ ಗಾಜು ನಡುಗಿದ್ದು ನನ್ನ ಹಲ್ಲಿಗೆ ನೋಯಿತು. ಆದರೂ ಎದ್ದೆ. ಆರಾಮ ಎಂದೆ. ನೀರು ಕಾಯಿಸಿದೆ. ಸಲಾಕೆ ಹಿಡಿಯಲಾಗದೆ ಗೋಡೆಗೆ ಭುಜ ಆನಿಸಿ ಟಬ್ಬಿಗೆ ಇಳಿದೆ. ಕಾಲು ಚಾಚಿದೆ.

ಮಗಳು ಎಣ್ಣೆ ಹಚ್ಚಿದ ಕೂಸನ್ನು ಹಿಡಿದು ಬಗ್ಗಿದಳು. ನಾನು ಕೈ ಚಾಚಿದೆ. ನನ್ನ ಎರಡೂ ಕೈ ಅವಳ ಕಣ್ಣೆದುರು ಸಣ್ಣಗೆ ಅಲುಗುತ್ತಿದ್ದವು. ಅವಳು ಕೈಯನ್ನು ನೋಡಿದಳು. ಅದೇ ನೋಟ. ಆದರೂ ಕೂಸನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಆರಾಮ ಎಂದಿದ್ದೆ, ಅವಳು ನಂಬಿದ್ದಳು, ಕೊಡುತ್ತಿದ್ದಳು. ಅವಳು ನಂಬಲಿಕ್ಕಿಲ್ಲ ಎಂದು ನಾನು ಡಿಸೆಂಬರಿನಿಂದ ಹೆದರಿದ್ದೆ. ನಂಬುತ್ತಾಳೆ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ ಎಂದು ಆಗ ಗೊತ್ತಾಯಿತು.

"ಬ್ಯಾಡ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಬ್ಯಾಡವ್ವಾ. ಇವತ್ತ ನನ್ನ ಕೈ ನೆಟ್ಟಗಿಲ್ಲ. ನನಗ ಅಂಜಿಕಿ ಆಗಾಕತ್ತೈತಿ."

ಮೂವತ್ತು ವರ್ಷದಲ್ಲಿ ಅವಳಿಗೆ ನಾನು ಅಂಥ ಮಾತು ಹೇಳಿರಲಿಲ್ಲ. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ನಿಂತಳು. ಎದ್ದು ಹೋಗೋಣವೆಂದರೆ ನನಗೆ ಏಳಲೂ ಆಗುತ್ತಿರಲಿಲ್ಲ. ಬೀಗತಿಯನ್ನು ಹೊತ್ತ ಬೆಳಗಾವಿಯ ವಿಮಾನ ಇಳಿದೇಬಿಟ್ಟಿತು ಅನ್ನಿಸಿತು. ಅಷ್ಟರಲ್ಲಿ ಮಗಳು ಟಬ್ಬಿನ ಪಕ್ಕ ನೆಲದ ಮೇಲೆ ಮಂಡಿಯೂರಿದಳು.

"ಕಾಲು ಹೆಂಗದಾವ?"

"ಕಾಲು ಗಟ್ಟಿ ಅದಾವ," ಎಂದೆ. ಅದು ನಿಜವಾಗಿತ್ತು. ಚಳಿಗಾಲವಿಡೀ ಬೆಂಚು ದಾಟಿದ ಕಾಲುಗಳು.

"ದೆನ್ ಕಾಲು ನಿಂದು, ಕೈ ನಂದು. ಓಕೆ? ಟೆಲ್ ಮಿ ಹೌ." ಆಮೇಲೆ ಬಾಗಿಲ ಕಡೆ ತಿರುಗಿ, "ಪಪ್ಪಾ! ಕಮ್, ನೀರು ಹಾಕು," ಎಂದು ಕೂಗಿದಳು.

ನಮ್ಮಲ್ಲಿ ಕೂಸಿಗೆ ಎರೆಯುವಲ್ಲಿ ಗಂಡಸರು ಕಾಲಿಡುವುದಿಲ್ಲ. ಅವರು ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿದರು. "ಬರ್ರಿ," ಎಂದೆ. ಕೂಸು ನನ್ನ ಕಾಲ ಮೇಲೆ ಮಲಗಿತು. ಟಬ್ಬಿನ ಅಂಚಿನ ಮೇಲಿಂದ ಬಂದ ಮಗಳ ಕೈ ಅದರ ಕತ್ತು ಹಿಡಿಯಿತು. ಹೆಬ್ಬೆರಳು ಇಲ್ಲಿರಲಿ, ಬೆರಳು ಕಂಕುಳಲ್ಲಿ ಸೇರಲಿ, ಬಿಗಿ ಬೇಡ ಎಂದು ನಾನು ಹೇಳಿದ ಹಾಗೆ ಅವಳು ಹಿಡಿದಳು. ಗಂಡ ತಂಬಿಗೆಯಿಂದ ನೀರು ಹೊಯ್ದರು, ಅರ್ಧ ನೀರು ನನ್ನ ಸೀರೆಗೆ. ಬೋರಲು ಹಾಕುವಾಗ ಮೂವರೂ ಉಸಿರು ಹಿಡಿದೆವು. ನನ್ನ ಅಂಜಿಕೆ ಹೋಗಲಿಲ್ಲ. ಆದರೆ ಅವತ್ತು ಅದನ್ನು ಮೂರು ಜನ ಹಂಚಿಕೊಂಡಿದ್ದೆವು, ನನ್ನ ಪಾಲಿಗೆ ಎಂದಿಗಿಂತ ಕಡಿಮೆ ಬಂತು.

ಕ್ಲಾಸಿಗೆ ನಾನು ಆಮೇಲೂ ಹೋದೆ, ಮುಂದಿನ ವರ್ಷವೂ ಹೋದೆ. ಗುಲಾಬಿ ಡಂಬೆಲ್ ಬಿಟ್ಟು ನೀಲಿಯದಕ್ಕೆ ಏರಿದೆ. ಕೆಟ್ಟ ಬೆಳಗುಗಳು ಬರುವುದು ನಿಲ್ಲಲಿಲ್ಲ. ಕಣ್ಣು ತೆರೆಯುವ ಮೊದಲೇ ಹೊದಿಕೆಯೊಳಗೆ ಮುಷ್ಟಿ ಕಟ್ಟಿ ನೋಡುವ ಅಭ್ಯಾಸವೂ, ಆ ಹೊತ್ತಿನ ಎದೆಬಡಿತವೂ ಇವತ್ತಿಗೂ ಹೋಗಿಲ್ಲ.

ಆದರೆ ಆ ದಿನದಿಂದ ಬಾಣಂತನ ಮುಗಿಯುವವರೆಗೆ ನನ್ನ ಮಗಳು ಆರಾಮ ಎಂದು ಕೇಳುವುದನ್ನು ಬಿಟ್ಟಳು. ಕೂಸನ್ನು ಎತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು, "ಅವ್ವಾ, ಇವತ್ತ ಯಾರ ಕೈ?" ಎಂದು ಕೇಳುತ್ತಿದ್ದಳು. ನಾನು ಅವಳ ಎದುರೇ ಕೈ ಬಿಚ್ಚಿ, ಮುಚ್ಚಿ ನೋಡಿ ಹೇಳುತ್ತಿದ್ದೆ, ಒಮ್ಮೊಮ್ಮೆ ನನ್ನದು, ಒಮ್ಮೊಮ್ಮೆ ನಿನ್ನದು.